ಕೂಸು ನೋಡುವಂಥ ಚಿತ್ರ

ಮಣಿಕೊಂಡ, ಹೈದರಾಬಾದ್
೭ ಫೆಬ್ರವರಿ ೨೦೨೪, ಬುಧವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ನಿಮ್ಮ ದೀಪಾಲಿಯ ಶರಣು. ಹೇಗಿದ್ದೀರಿ? ಮೊಣಕಾಲು ಈಗ ಮೆಟ್ಟಿಲು ಹತ್ತಲು ಬಿಡುತ್ತಿದೆಯೇ, ಇಲ್ಲ ಹಾಸಿಗೆ ಇನ್ನೂ ಕೆಳಗಿನ ಕೋಣೆಯಲ್ಲೇ ಇದೆಯೇ? ಕಿವಿಯ ಮಷಿನ್ ಡಬ್ಬಿಯಿಂದ ಹೊರಗೆ ಬಂತೇ? ಅದನ್ನು ಹಾಕಿಕೊಂಡ ಮೊದಲ ದಿನ ನೀವು ಭಾಲ್ಕಿ ಬಸ್ ಸ್ಟ್ಯಾಂಡಿನ ಮುಂದೆ ನಿಂತು "ಇಷ್ಟು ಗದ್ದಲ ಅದ ಅಂತ ಗೊತ್ತಿದ್ದರ ನಾ ಯಾವಾಗೋ ಕಿವುಡ ಆಗತಿದ್ದೆ" ಅಂದಿರಂತೆ. ಅಕ್ಷಯಣ್ಣ ಹೇಳಿದಾಗಿನಿಂದ ನೆನೆನೆನೆದು ನಗುತ್ತಿದ್ದೇನೆ. ಅಣ್ಣ ಅತ್ತಿಗೆ ಇಬ್ಬರೂ ಆರಾಮ ಇದ್ದಾರೆಂದು ತಿಳಿಯಿತು. ಇಲ್ಲಿ ಅತ್ತೆಯವರಿಗೆ ಸ್ವಲ್ಪ ಕೆಮ್ಮು, ಇವರಿಗೆ, ಅಂದರೆ ನಿಮ್ಮ ಅಳಿಯ ಗುರುಬಸವರಿಗೆ, ಸನತ್‌ನಗರದ ಕಾರ್ಖಾನೆಯಲ್ಲಿ ವಾರಕ್ಕೊಮ್ಮೆ ಬದಲಾಗುವ ಪಾಳಿ. ನನಗೆ ನಿದ್ದೆ ಎಂಬುದು ಪಕ್ಕದ ಮನೆಯ ಸಾಮಾನು ಇದ್ದ ಹಾಗೆ ಆಗಿದೆ, ಕೇಳಿದರೆ ಚೂರು ಸಿಗುತ್ತದೆ, ಬಳಸಿ ಮುಗಿಸುವ ಮೊದಲೇ ವಾಪಸು ಕೇಳುತ್ತಾರೆ. ಫೋನು ಮಾಡಿದರೆ ನೀವು ಅಲ್ಲಿಂದ "ಆಂ? ಆಂ?" ಎಂದು ಕೂಗುತ್ತೀರಿ, ಇಲ್ಲಿ ಕೂಸು ಬೆಚ್ಚಿ ಎರಡೂ ಕೈ ಮೇಲೆತ್ತುತ್ತದೆ. ಅದಕ್ಕೇ ಈ ಕಾಗದ. ನಿಧಾನವಾಗಿ ಓದಿ, ಅವಸರವಿಲ್ಲ.

ಅವಸರ ನನಗಿದೆ. ಶುಕ್ರವಾರ ನಮ್ಮ ಕೂಸು ಗಂಗಿಯ ಕಣ್ಣಿನ ತಪಾಸಣೆ. ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಬರೆದರೆ ಮನಸ್ಸು ಒಂದು ಕಡೆ ನಿಲ್ಲುತ್ತದೆ. ನೀವು ಬಸುರಿ ಮಗಳ ಕುಬಸಕ್ಕೆಂದು ಹಸಿರು ಸೀರೆ ತಂದಿಟ್ಟಿದ್ದಿರಿ, ಅದರ ಮಡಿಕೆ ಬಿಚ್ಚುವ ಮೊದಲೇ, ಏಳನೇ ತಿಂಗಳಲ್ಲೇ, ಅವಳು ಬಂದುಬಿಟ್ಟಳು. ಅವಸರದಲ್ಲಿ ಬಂದ ಕೂಸಿನ ಕಣ್ಣಿನ ಹಿಂಭಾಗದಲ್ಲಿ ರಕ್ತನಾಳಗಳು ದಾರಿ ತಪ್ಪಿ ಬೆಳೆದಿದ್ದವು, ಲೇಸರ್ ಹಾಯಿಸಿ ಅದನ್ನು ನಿಲ್ಲಿಸಿದರು. ಆಮೇಲೆ ಕಾಯುವುದಷ್ಟೇ ಕೆಲಸ ಎಂದರು ಡಾಕ್ಟರ್. ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿದರೆ ಅವಳಿಗೀಗ ಮೂರು ತಿಂಗಳು. ಈ ಹೊತ್ತಿಗೆ ಕೂಸು ಮುಖ ಹಿಡಿದು ನೋಡಬೇಕು, ನಾವು ಆಚೀಚೆ ಸರಿದರೆ ಅದರ ಕಣ್ಣು ಹಿಂದೆಯೇ ಬರಬೇಕು. ಶುಕ್ರವಾರ ಅದನ್ನೇ ಪರೀಕ್ಷಿಸುತ್ತಾರೆ. ಅಪ್ಪಾ, ನಾನು ಎದುರಿಗೆ ಕೂತರೆ ಅವಳು ನನ್ನ ಆಚೆ ಎಲ್ಲೋ ನೋಡುತ್ತಿದ್ದಳು, ನಾನು ಕಿಟಕಿಯ ಗಾಜು ಎಂಬಂತೆ. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅವಳನ್ನು ಒಮ್ಮೆ ನೋಡಿ ಹೋದವರು ನೀವು ಮತ್ತೆ ಬರಲಿಲ್ಲ. ಕೇಳಿದಾಗಲೆಲ್ಲ ಒಂದೇ ಮಾತು, "ಕೂಸು ಅತ್ತರ ನನಗ ಕೇಳಸೂದಿಲ್ಲ ಯವ್ವಾ, ನಾ ಅಲ್ಲಿ ಬಂದು ಏನ ಮಾಡ್ಲಿ." ಸಿಟ್ಟು ಮಾಡಿಕೊಂಡು ಬರೆಯುತ್ತಿಲ್ಲ. ಇಲ್ಲಿ ನಡೆಯುತ್ತಿರುವುದೆಲ್ಲ ನಿಮ್ಮ ಕಸುಬಿನ ಕೆಲಸ, ನೋಡಲು ನೀವಿಲ್ಲವಲ್ಲ ಅನ್ನಿಸುತ್ತದೆ, ಅಷ್ಟೇ. ನಿಮ್ಮ ಮಗಳು ಚಿತ್ರ ತೆಗೆಯುವುದನ್ನು ಮೊದಲಿನಿಂದ ಕಲಿಯುತ್ತಿದ್ದಾಳೆ.

ಕೂಸಿಗೆ ದಪ್ಪ ಆಕಾರದ, ಕಡು ಬಣ್ಣದ ಚಿತ್ರ ತೋರಿಸಿ ಎಂದಿದ್ದರು ಡಾಕ್ಟರ್. ಅಂಗಡಿಯಲ್ಲಿ ಅಂಥ ಕಾರ್ಡುಗಳು ಸಿಗುತ್ತವೆ. ಆದರೆ ಡ್ರಾಯಿಂಗ್ ಮಾಸ್ತರ ಬಂಡೆಪ್ಪನವರ ಮಗಳು ಅಂಗಡಿಯ ಕಾರ್ಡು ತರುವುದುಂಟೇ ಎಂಬ ಜಂಬ ನನಗೆ. ಒಂದು ಗಿಳಿ ತೆಗೆದೆ. ನೀವು ಡ್ರಾಯಿಂಗ್ ಹೈಯರ್ ಪರೀಕ್ಷೆಗೆ ಕೂಡಿಸಿ ಕಲಿಸಿದ ಹಾಗೆಯೇ, ಬೆಳಕು ಒಂದೇ ಕಡೆಯಿಂದ, ಹೊಟ್ಟೆಯ ಕೆಳಗೆ ಮೆತ್ತನೆಯ ನೆರಳು, ಪುಕ್ಕಕ್ಕೆ ಪುಕ್ಕ, ಕಣ್ಣಿನೊಳಗೆ ಆ ಸಾಸಿವೆಯಷ್ಟು ಬಿಳಿ ಮಿಂಚು. ಎಷ್ಟು ಮಧ್ಯಾಹ್ನ ಅದಕ್ಕೇ ಹೋಯಿತೋ. ಮುಗಿದ ಮೇಲೆ ಗಂಗಿಯ ಮುಂದೆ ಹಿಡಿದೆ. ಅವಳು ಆಕಳಿಸಿದಳು. ಆಮೇಲೆ ಗೋಡೆಯ ಮೇಲೆ ತಿರುಗುತ್ತಿದ್ದ ಫ್ಯಾನಿನ ನೆರಳಿನ ಕಡೆ ಕಣ್ಣು ಹೊರಳಿಸಿದಳು. ಅತ್ತೆಯವರು ಬಂದು ನೋಡಿ, "ಗಿಳಿ ಹಾರಿ ಹೋಗತದೇನೋ ಅನ್ನಂಗ ಆಗ್ಯಾದ. ಆದರ ಕೂಸಿಗಿ ಬ್ಯಾಡಾಗ್ಯಾದ" ಎಂದು ಹೇಳಿ ಒಗೆದ ಲಂಗೋಟಿ ಮಡಚಲು ಕೂತರು. ಗಿಳಿಯನ್ನು ಎಲ್ಲಿಡುವುದೆಂದು ತಿಳಿಯದೆ ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಆನಿಸಿದೆ. ಅಲ್ಲಿ ಅದನ್ನು ಯಮುನಾಬಾಯಿ ನೋಡಿದರು.

ಯಮುನಾಬಾಯಿ ನಮ್ಮ ಕಟ್ಟಡದ ಕೆಳಗಿನ ಮನೆಯವರು. ಹುಟ್ಟಿದ್ದು ಹುಬ್ಬಳ್ಳಿ, ಇಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು, ನಿಮ್ಮ ವಯಸ್ಸಿನವರೇ ಇರಬೇಕು. ಬೆಲ್ ಮಾಡಿ ಗಿಳಿಯನ್ನು ಎತ್ತಿ ಹಿಡಿದು ಕೇಳಿದರು, "ಇದನ್ನ ಯಾರಿಗೆ ತಗದೀ ಬೇಟಾ? ಕೂಸಿಗೋ, ನಿಮ್ಮಪ್ಪಗೋ?" ನಿಮ್ಮ ವಿಷಯ ಅವರಿಗೆ ಹೇಗೆ ಗೊತ್ತಾಯಿತು ಎಂದು ಬೆರಗಾಗಿ ಕೇಳಿದೆ. ಪುಕ್ಕದ ಗೆರೆ ನೋಡಿದರೆ ಮನೆಯಲ್ಲಿ ಮಾಸ್ತರರು ಇದ್ದಾರೆಂದು ತಿಳಿಯುತ್ತದಂತೆ. "ನಾಳೆ ಉಂಡಾದ ಮ್ಯಾಲೆ ಕೆಳಗ ಬಾ. ಪೆನ್ಸಿಲ್ ನಕ್ಕೋ, ರಬ್ಬರ್ ನಕ್ಕೋ. ಖಾಲಿ ಕೈಲೆ ಬಾ" ಎಂದು ಹೇಳಿ ಹೋದರು. ಅವರ ಕನ್ನಡ ಹೀಗೇ, ಹುಬ್ಬಳ್ಳಿಯಿಂದ ಹೊರಟು ಚಾರ್‌ಮಿನಾರಿನ ಮುಂದೆ ಚಹಾ ಕುಡಿದು ಬರುತ್ತದೆ.

ಮೊದಲ ಪಾಠದಲ್ಲಿ ಬಣ್ಣವನ್ನೇ ಮುಟ್ಟಲಿಲ್ಲ. ಅವರ ಬಾಲ್ಕನಿಯಲ್ಲಿ ನಿಲ್ಲಿಸಿ, ಕಣ್ಣು ಅರ್ಧ ಮುಚ್ಚಿ ಹೊರಗೆ ನೋಡು ಎಂದರು. "ನಿನಗ ಇದು ಸಲೀಸ ಐತಿ, ನಿದ್ದಿಗೆಟ್ಟಾಕಿ." ರೆಪ್ಪೆ ಇಳಿಸಿದೆ. ಅಪ್ಪಾ, ಹೇಗೆ ಹೇಳಲಿ. ಎದುರಿನ ಅಪಾರ್ಟ್‌ಮೆಂಟುಗಳ ಕಿಟಕಿ, ಒಣಹಾಕಿದ ಬಟ್ಟೆ, ತಂತಿ, ಹೆಸರಿನ ಫಲಕ ಎಲ್ಲ ಕರಗಿ ಹೋದವು. ಉಳಿದದ್ದು ಒಂದು ಹಾಲುಬಿಳಿಯ ಕಂಬ, ಅದಕ್ಕೆ ಒರಗಿದ ಒಂದು ಬೂದು, ಆ ಬೂದಿನ ಬುಡದಲ್ಲಿ ಆನೆಯ ಹಾಗೆ ಮಲಗಿದ ಕಂದು. ಆ ಕಂದು ಇನ್ನೂ ಒಡೆಯದೆ ಉಳಿದ ಬಂಡೆ ಎಂದು ಆಮೇಲೆ ನೆನಪಾಯಿತು. ನೀರಿನ ಟ್ಯಾಂಕರ್ ಬಂತು, ಅದು ಟ್ಯಾಂಕರ್ ಆಗಿರಲಿಲ್ಲ, ನೀಲಿಯ ಒಂದು ತುಂಡು ತಾನಾಗಿ ತೇಲುತ್ತ ಕಂದನ್ನು ದಾಟಿತು. ನನ್ನ ಮೈಯೆಲ್ಲ ಹಗುರಾಯಿತು. ಇಷ್ಟು ತಿಂಗಳು ಅವಳ ಉಸಿರು, ಅವಳ ತೂಕ, ಅವಳ ಹನಿ ಔಷಧ ಎಂದು ಚೂರುಚೂರು ನೋಡಿ ನೋಡಿ ದಣಿದಿದ್ದ ಕಣ್ಣಿಗೆ ಯಾರೋ ದೊಡ್ಡ ಮೆತ್ತನೆಯ ಹಾಸಿಗೆ ಹಾಸಿದಂತಾಯಿತು. ನಿಂತಲ್ಲೇ ತೂಕಡಿಸಿದೆನೋ ಏನೋ. ಯಮುನಾಬಾಯಿ ಭುಜ ಹಿಡಿದು ಕೂಡಿಸಿ, "ಈಗ ನೋಡಿದೆಯಲ್ಲ, ನಿನ್ನ ಕೂಸಿಗೆ ಕಾಣೂದು ಹಿಂಗ" ಎಂದರು.

ಅಲ್ಲಿಂದ ಶುರುವಾದದ್ದು. ಗಂಗಿ ಮಲಗಿದಾಗ, ಅತ್ತೆಯವರು "ಹೋಗಿ ಬಾ, ನಾ ಇದ್ದೀನಿ" ಅಂದಾಗ ಕೆಳಗಿಳಿಯುತ್ತೇನೆ. ಯಮುನಾಬಾಯಿಯವರ ಹತ್ತಿರ ದಪ್ಪ ದಪ್ಪ ಪುಸ್ತಕಗಳಿವೆ, ನವ್ಯರ ಚಿತ್ರಗಳು. ಮೊದಲು ಬೆಳಕಿನವರು. ಅವರು ಮರವನ್ನು ತೆಗೆಯುವುದಿಲ್ಲ, ಮರದ ಮೇಲೆ ಆ ಗಳಿಗೆ ಕೂತಿದ್ದ ಬಿಸಿಲನ್ನು ತೆಗೆಯುತ್ತಾರೆ. ಪರದೆಯ ಸಂದಿಯಿಂದ ಗಂಗಿಯ ಬೆನ್ನ ಮೇಲೆ ಬೀಳುವ ಬೆಳಗಿನ ಎಳೆಯನ್ನು ನಾನೂ ಹಾಗೆ ಹಿಡಿಯಹೋದೆ, ಚುಕ್ಕೆ ಚುಕ್ಕೆಯಾಗಿ ಹಳದಿ, ತಿಳಿ ಕೆನ್ನೀಲಿ. ಚರ್ಮಕ್ಕೆ ಕೆನ್ನೀಲಿಯೇ ಎಂದು ನೀವು ಹುಬ್ಬು ಏರಿಸುತ್ತೀರಿ, ಗೊತ್ತು. ಇದೆ ಅಪ್ಪಾ, ಕುತ್ತಿಗೆಯ ಮಡಿಕೆಯಲ್ಲಿ ಇದೆ. ಆಮೇಲೆ ಘನಾಕೃತಿಯವರು, ಒಂದೇ ಹೂಜಿಯನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಒಟ್ಟಿಗೇ ನೋಡುವವರು. ಇದನ್ನು ಓದಿ ನೀವು ನಗಬಹುದು, ಆದರೆ ಎಳೆಗೂಸಿನ ತಾಯಿ ಕೂಸನ್ನು ನೋಡುವುದೇ ಹಾಗೆ. ಹಾಲು ಕುಡಿಸುವಾಗ ಒಂದು ಕಿವಿ, ತೇಗು ಬರಿಸುವಾಗ ಒಂದು ಭುಜ, ಎಣ್ಣೆ ಹಚ್ಚುವಾಗ ಹಿಮ್ಮಡಿ. ಇಡೀ ಕೂಸು ಒಮ್ಮೆಲೇ ಎಲ್ಲಿ ಕಾಣುತ್ತದೆ? ಕಿವಿಯ ಪಕ್ಕ ಹಿಮ್ಮಡಿ ಇಟ್ಟು ತೆಗೆದೆ. ಇವರು ಪಾಳಿ ಮುಗಿಸಿ ಬಂದು ತುಂಬ ಹೊತ್ತು ನೋಡಿ, "ನಮ್ಮ ಮಗಳನ್ನ ರೊಟ್ಟಿ ಬಡದಂಗ ಬಡದೀಯಲ್ಲ" ಅಂದರು. ಆ ಚಿತ್ರ ಈಗ ಅವರ ಅಲಮಾರಿಯ ಬಾಗಿಲ ಒಳಗಡೆ ಅಂಟಿದೆ, ಅಂಟಿಸಿದ್ದು ನಾನಲ್ಲ.

ಕೊನೆಗೆ ಏನನ್ನೂ ಹೋಲದ ಚಿತ್ರಗಳಿಗೆ ಬಂದೆವು. ಬರೀ ಚೌಕ, ಬರೀ ಪಟ್ಟೆ, ಒಂದು ದೊಡ್ಡ ಕೆಂಪು ಗುಂಡು. ನಾನು ಹತ್ತನೇ ತರಗತಿಯಲ್ಲಿದ್ದಾಗ ಕಲಬುರಗಿಯಲ್ಲಿ ಇಂಥವುಗಳ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದಿರಿ. ಒಂದು ಸುತ್ತು ಹಾಕಿ, ಹೊರಗೆ ಬಂದು, ಕಬ್ಬಿನ ಹಾಲು ಕುಡಿಯುತ್ತ "ಕಣ್ಣಿಲ್ಲದವರು ತಗದ ಚಿತ್ರ ಇವು" ಅಂದಿದ್ದಿರಿ. ಇತ್ತೀಚೆಗೆ ಆ ಮಾತು ಬೇಡವೆಂದರೂ ಬರುತ್ತದೆ, ಅದರಲ್ಲೂ ಗಂಗಿಯ ಕಣ್ಣಿಗೆ ಹನಿ ಹಾಕುವಾಗ. ನಾನೀಗ ಅಂಥ ಚಿತ್ರಗಳ ಮುಂದೆ ಕೂತು ಕೂತು ನೋಡಿದ್ದೇನೆ. ಅವನ್ನು ತೆಗೆದವರು ಕಣ್ಣಿಲ್ಲದವರಲ್ಲ, ಕಣ್ಣು ಬಿಟ್ಟ ಮೊದಲ ದಿನ ಎಲ್ಲವೂ ಹೇಗಿತ್ತೆಂದು ನೆನಪಿಟ್ಟುಕೊಂಡವರು ಅನ್ನಿಸುತ್ತದೆ. ತಪ್ಪಿದ್ದರೆ ತಿದ್ದಿ. ನನ್ನ ಕಾಪಿಯ ಮೇಲೆ ಕೆಂಪು ಶಾಯಿ ಹಾಕುವುದು ನಿಮಗೆ ಹೊಸದಲ್ಲ.

ಈಗ ಒಂದು ತಮಾಷೆ ಹೇಳುತ್ತೇನೆ, ಮೊದಲಿಗೆ ಅದು ನನಗೆ ತಮಾಷೆಯಾಗಿರಲಿಲ್ಲ. ನನ್ನ ಮುಖ ನೋಡದ ಗಂಗಿ ಅತ್ತೆಯವರ ಮುಖ ನೋಡುತ್ತಿದ್ದಳು. ಅವರು ಬಗ್ಗಿದರೆ ಸಾಕು, ಕಣ್ಣು ನೆಟ್ಟು, ಕೈಕಾಲು ಬಡಿದು, ಬಾಯಿ ಅಗಲ ಮಾಡುತ್ತಿದ್ದಳು. ಅತ್ತೆಯವರು ಕೆಟ್ಟವರಲ್ಲ, ನಿಮಗೂ ಗೊತ್ತು, ಆದರೆ ಬಾಯಿ ಸುಮ್ಮನಿರುವುದಿಲ್ಲ. "ಆಯಿ ಮಾರಿ ಅಂದ್ರ ಹಿಗ್ಗತದ, ತಾಯಿ ಮಾರಿ ಅಂದ್ರ ಒಲ್ಲೆ ಅಂತದ. ಹೊಟ್ಟ್ಯಾಗ ಇದ್ದಾಗ ಏನ ಜಗಳ ತಗದಿದ್ದೆವ್ವಾ ಇದರ ಕೂಡ?" ನಾನು ನಕ್ಕು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಿದ್ದೇನೆ. ಹೋದ ವಾರದ ಸೋಮವಾರ ಅತ್ತೆಯವರು ತಲೆಗೆ ನೀರು ಹಾಕಿಕೊಂಡು ಬಂದರು, ಇನ್ನೂ ಪೂಜೆಗೆ ಕೂತಿರಲಿಲ್ಲ. ಒದ್ದೆ ಕೂದಲು ಕಟ್ಟಿಕೊಂಡು ಕೂಸಿನ ಮೇಲೆ ಬಗ್ಗಿದರು. ಗಂಗಿ ಅವರನ್ನೂ ನೋಡಲಿಲ್ಲ. ಅವರಾಚೆ ಎಲ್ಲೋ ನೋಡಿದಳು. ಅತ್ತೆಯವರ ಮುಖ ಸಣ್ಣದಾಯಿತು, "ಇವತ್ತ ಯಾಕೋ ಗುರ್ತ ಹಿಡೀವಲ್ದು" ಎಂದು ಎದ್ದು ಹೋಗಿ ಲಿಂಗಪೂಜೆ ಮುಗಿಸಿ ಬಂದರು. ಹಣೆಯ ತುಂಬ ವಿಭೂತಿಯ ಮೂರು ದಪ್ಪ ಗೆರೆ, ನಡುವೆ ರೂಪಾಯಿ ಅಗಲದ ಕುಂಕುಮ. ಬಗ್ಗಿದ್ದೇ ತಡ, ಗಂಗಿ ಕೇಕೆ ಹಾಕಿದಳು.

ಅವಳು ನೋಡುತ್ತಿದ್ದದ್ದು ಮುಖವನ್ನಲ್ಲ ಅಪ್ಪಾ, ಆ ಗೆರೆಗಳನ್ನು. ಕಪ್ಪು ಹಣೆಯ ಮೇಲೆ ಬಿಳಿಯ ಪಟ್ಟೆ, ನಡುವೆ ಕೆಂಪು ಗುಂಡು. ಕೆಳಗಿನ ಮನೆಯ ಪುಸ್ತಕದಲ್ಲಿ ನಾನು ಗಂಟೆಗಟ್ಟಲೆ ನೋಡುತ್ತಿದ್ದುದು ನಮ್ಮ ಮನೆಯಲ್ಲೇ ದಿನಾ ಎದ್ದು ಓಡಾಡುತ್ತಿತ್ತು. ನಾನು ಆಫೀಸಿಗೆ ಸೇರಿದ ಮೇಲೆ ವಿಭೂತಿ ಬಿಟ್ಟೆ, ಎಳ್ಳುಕಾಳಿನಷ್ಟು ಟಿಕಳಿ ಹಚ್ಚುತ್ತೇನೆ. ದೇವರ ಜಗಲಿಯ ಮುಂದೆ ಹೋಗಿ ಅತ್ತೆಯವರ ವಿಭೂತಿ ಗಟ್ಟಿ ತೇದು ಹಣೆಗೆ ಬಳಿದುಕೊಂಡೆ, ಕುಂಕುಮ ಹೆಬ್ಬೆರಳಿನಿಂದ ಒತ್ತಿದೆ. ಅತ್ತೆಯವರು "ಏನಾತು ನಿನಗ, ಸ್ವಾಮ್ಯಾರ ಬರತಾರೇನು ಮನಿಗಿ" ಅನ್ನುತ್ತಿದ್ದರು. ನಾನು ಗಂಗಿಯ ಮೇಲೆ ಬಗ್ಗಿದೆ. ಅವಳ ಕಣ್ಣು ಅಲೆದು ಅಲೆದು ಬಂದು ನನ್ನ ಹಣೆಯ ಮೇಲೆ ಕೂತಿತು. ಹಣೆಯಿಂದ ಸ್ವಲ್ಪ ಜಾರಿ ನನ್ನ ಕಣ್ಣಿಗೆ ಬಂತು. ಅಲ್ಲಿ ನಿಂತಿತು. ಆ ನೋಟಕ್ಕೆ ಬಣ್ಣವಿದ್ದರೆ ಯಾವುದು ಎಂದು ಆಗಿನಿಂದ ಯೋಚಿಸುತ್ತಿದ್ದೇನೆ, ಇನ್ನೂ ಕಲಸಲು ಬಂದಿಲ್ಲ.

ಆ ಮಧ್ಯಾಹ್ನವೇ ದೊಡ್ಡ ಕ್ಯಾನ್ವಾಸಿನ ಮೇಲೆ ಕಡುಕಂದು ಬಳಿದು, ಮೂರು ಬಿಳಿ ಪಟ್ಟೆ ಎಳೆದು, ನಡುವೆ ಕೆಂಪು ಇಟ್ಟು, ಒಣಗಲೆಂದು ಪಡಸಾಲೆಯ ನೆಲದ ಮೇಲೆ ಬಿಟ್ಟು ಮಲಗಿದೆ. ಎದ್ದು ನೋಡಿದರೆ ಚಿತ್ರವಿಲ್ಲ. ದೇವರ ಜಗಲಿಯ ಮೇಲೆ, ಬಸವಣ್ಣನ ಫೋಟೋದ ಪಕ್ಕದಲ್ಲಿ ನಿಂತಿದೆ, ತಲೆಯ ಮೇಲೆ ದಾಸವಾಳ, ಮುಂದೆ ಊದಿನಕಡ್ಡಿ. "ಶಿವನ ಹಣೀ ತಗದು ಕಾಲಾಗ ಇಟ್ಟೀಯಲ್ಲ, ಓದಿದಾಕಿ ನೀ" ಎಂದು ನನಗೇ ಬೈದರು ಅತ್ತೆಯವರು. ಅದು ಕೂಸಿಗೆ ತೆಗೆದ ಪಟ್ಟೆ ಎಂದು ಎಷ್ಟು ಹೇಳಿದರೂ ಇಳಿಸಲು ಒಪ್ಪುತ್ತಿಲ್ಲ. ಯಮುನಾಬಾಯಿಯವರನ್ನು ನ್ಯಾಯಕ್ಕೆ ಕರೆದೆ. ಅವರು ಜಗಲಿಯ ಮುಂದೆ ನಿಂತು ನೋಡಿ, "ಇಷ್ಟ ವರ್ಷ ತಗದೆ, ನನ್ನ ಒಂದು ಪೇಂಟಿಂಗಿಗೂ ಯಾರೂ ಹೂ ಏರಿಸಲಿಲ್ಲ. ಇರಲಿ ಬಿಡು" ಎಂದು ಕೈಮುಗಿದು, ಪ್ರಸಾದದ ಕೊಬ್ಬರಿ ತಿಂದು ಹೋದರು. ಹೀಗಾಗಿ ಈಗ ಗಂಗಿಯನ್ನು ದಿನಾ ಜಗಲಿಗೆ ಎತ್ತಿಕೊಂಡು ಹೋಗಿ ತೋರಿಸಬೇಕು. ಮೊಮ್ಮಗಳಿಗೆ ಈಗಲೇ ಭಕ್ತಿ ಎಂದು ಅತ್ತೆಯವರು ಹುಮನಾಬಾದಿನ ತಮ್ಮ ಬಳಗಕ್ಕೆಲ್ಲ ಫೋನು ಮಾಡಿ ಹೇಳಿದ್ದಾರೆ.

ಯಾರಿಗೂ ಹೇಳದ ಒಂದು ಮಾತಿದೆ. ಜಗಲಿಗೆ ಎತ್ತಿಕೊಂಡು ಹೋದಾಗ ಚಿತ್ರ ಅವಳ ಬಲಗಡೆ ಬಂದರೆ ತಿರುಗಿ ನೋಡುತ್ತಾಳೆ. ಎಡಗಡೆ ಬಂದರೆ ಇಲ್ಲ. ಹೆಗಲು ಬದಲಿಸಿ, ಎದೆಗೆ ಒರಗಿಸಿ, ಎಷ್ಟೋ ಸಲ ಮಾಡಿ ನೋಡಿದೆ. ಅದು ಅವಳ ಅಭ್ಯಾಸ ಇರಬಹುದು, ಆ ಕಡೆ ಬೆಳಕು ಕಡಿಮೆ ಇರಬಹುದು, ನಿದ್ದೆಗೆಟ್ಟ ನನ್ನ ಭ್ರಮೆಯೂ ಇರಬಹುದು. ಇವರಿಗೆ ಹೇಳಿದರೆ ಕಾರ್ಖಾನೆಯಲ್ಲಿ ಮಷಿನಿನ ಮುಂದೆ ನಿಂತು ಅದನ್ನೇ ಯೋಚಿಸುತ್ತಾರೆ, ಅತ್ತೆಯವರಿಗೆ ಹೇಳಿದರೆ ಹರಕೆ ಹೊರುತ್ತಾರೆ. ನಿಮಗೆ ಹೇಳಿದರೆ ಸುಮ್ಮನೆ ಕನ್ನಡಕ ಒರೆಸುತ್ತೀರಿ. ನನಗೆ ಬೇಕಾದದ್ದು ಅದೇ.

ಅಣ್ಣ ಅತ್ತಿಗೆಗೆ ನನ್ನ ನೆನಪು ಹೇಳಿ. ಗಂಗಿಯ ಎರಡೂ ಅಂಗಾಲು ನಿಮ್ಮ ಮಡಿಲಲ್ಲಿವೆ ಎಂದುಕೊಂಡು ಅವಳಿಗೆ ಅಲ್ಲಿಂದಲೇ ಆಶೀರ್ವಾದ ಮಾಡಿ. ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳಿ, ಬಿಸಿಲಿನಲ್ಲಿ ತಿರುಗಬೇಡಿ.

ನಿಮ್ಮ ಮಗಳು,
ದೀಪಾಲಿ

ಇನ್ನೊಂದು ಮಾತು, ಶುಕ್ರವಾರ ಸಂಜೆ: ಕಾಗದ ಪೋಸ್ಟ್ ಮಾಡಲಾಗಲಿಲ್ಲ, ಒಳ್ಳೆಯದೇ ಆಯಿತು. ಈಗಷ್ಟೇ ಆಸ್ಪತ್ರೆಯಿಂದ ಬಂದೆವು, ನಿಂತುಕೊಂಡೇ ಬರೆಯುತ್ತಿದ್ದೇನೆ. ಬಲಗಣ್ಣಿಗೆ ಚೆನ್ನಾಗಿ ಕಾಣುತ್ತದೆ. ಎಡಗಣ್ಣು ತುಂಬ ಹಿಂದೆ ಬಿದ್ದಿದೆ, ನನ್ನ ಭ್ರಮೆಯಾಗಿರಲಿಲ್ಲ. ಡಾಕ್ಟರ್ ಅವಳ ಬಲಗಣ್ಣಿಗೆ ಪಟ್ಟಿ ಅಂಟಿಸಿದರು. ಗಂಗಿ ಚೀರಿದಳು, ಹೊರಳಾಡಿದಳು, ನನ್ನ ಕುಪ್ಪಸ ಹಿಡಿದು ಜಗ್ಗಿದಳು. ಆಮೇಲೆ ಇದ್ದಕ್ಕಿದ್ದಂತೆ ಸುಮ್ಮನಾದಳು. ಆ ಕೋಣೆಯ ಕಿಟಕಿಗೆ ಹಸಿರು ಪರದೆ ಇತ್ತು, ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಎಡಗಣ್ಣು ತಡೆತಡೆದು, ದಾರಿ ಕೇಳಿಕೊಂಡು ಹೋಗುವವರ ಹಾಗೆ, ಆ ಹಸಿರಿನ ತನಕ ಹೋಯಿತು. ಕಣ್ಣಿಗೆ ಜೀವ ಇದೆ, ಅದಕ್ಕೆ ಕೆಲಸ ಕೊಡಬೇಕು ಎಂದರು ಡಾಕ್ಟರ್. ಕನ್ನಡಕ ಕೊಡುತ್ತಾರೆ. ದಿನಾ ಸ್ವಲ್ಪ ಹೊತ್ತು ಬಲಗಣ್ಣು ಮುಚ್ಚಿ, ಎಡಗಣ್ಣಿಗೆ ದೊಡ್ಡ ದೊಡ್ಡ ಚಿತ್ರ ತೋರಿಸಬೇಕು. ಒಂದನ್ನೇ ತೋರಿಸಿದರೆ ಕೂಸಿಗೆ ಬೇಸರ, ಹೊಸ ಹೊಸದು ಬೇಕು, ತಿಂಗಳುಗಟ್ಟಲೆ, ಬಹುಶಃ ವರ್ಷಗಟ್ಟಲೆ. ನಾನು ಮಾರ್ಚ್ ಒಂದಕ್ಕೆ ಆಫೀಸಿಗೆ ಹೋಗಲೇಬೇಕು. ಅತ್ತೆಯವರು ಪಟ್ಟಿ ನೋಡಿಯೇ ಅತ್ತುಬಿಟ್ಟರು, ಕೂಸನ್ನು ಅಷ್ಟು ಅಳಿಸಿ ಕೂಡುವುದು ತಮ್ಮಿಂದ ಆಗದು ಎನ್ನುತ್ತಾರೆ. ಅಪ್ಪಾ, ನೀವು ಬಂದು ನಮ್ಮ ಹತ್ತಿರ ಇರಿ. ಕೇಳಿಸಬೇಕಾದ ಕೆಲಸ ಇಲ್ಲಿಲ್ಲ, ಕೂಸಿನ ಪಕ್ಕ ಕೂತು ಚಿತ್ರ ತೆಗೆಯುವ ಕೆಲಸ ಇದೆ. ಅವಳಿಗೆ ಕಾಣುವಂಥದ್ದನ್ನು ತೆಗೆಯಬೇಕು, ಇಷ್ಟೇ ನಿಯಮ. ನಿಮಗೆ ಅದು ಮೊದಮೊದಲು ಕಷ್ಟವಾಗಬಹುದು, ಅವಳಿಗೂ ಕಷ್ಟವೇ. ಭಾಲ್ಕಿಯಿಂದ ರೈಲು ಹತ್ತಿ ಲಿಂಗಂಪಲ್ಲಿಯಲ್ಲಿ ಇಳಿಯಿರಿ, ಇವರು ಸ್ಟೇಷನ್ನಿಗೆ ಬರುತ್ತಾರೆ. ಉತ್ತರ ಬರೆಯುತ್ತ ಕೂಡಬೇಡಿ, ಬಂದುಬಿಡಿ.